ಖಾನಾಪುರಕ್ಕೆ ಹೊತ್ತ ಇಟ್ಟಂಗಿ

ಎರಡು ವರ್ಷಗಳಿಂದ ನಾನು ಕೂತುಕೊಂಡೇ ಮಲಗುತ್ತಿದ್ದೇನೆ. ಈ ಮಾತು ವಿಚಿತ್ರ ಅನ್ನಿಸಿದರೆ ನೀವು ಪುಣ್ಯವಂತರು, ನಿಮಗೆ ರಾತ್ರಿ ಎದೆ ಉರಿಯುವುದಿಲ್ಲ. ಉರಿಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನಿಗೆ ಮೂರು ದಿಂಬು, ಪಕ್ಕದಲ್ಲಿ ನೀರಿನ ತಂಬಿಗೆ, ಗಂಟಲಲ್ಲಿ ಹುಳಿ. ಬೆಳಗಾವಿಯ ಅಷ್ಟೂ ಜನ ಗೊರಕೆ ಹೊಡೆಯುವಾಗ ನಾನೊಬ್ಬನೇ ಗೋಡೆಯ ಕ್ಯಾಲೆಂಡರಿನ ದೇವರನ್ನು ನೋಡುತ್ತ ಕೂತಿರುತ್ತೇನೆ. ದೇವರೂ ನನ್ನನ್ನು ನೋಡುತ್ತಾನೆ. ಇಬ್ಬರಿಗೂ ಮಾಡಲು ಬೇರೆ ಕೆಲಸವಿರುವುದಿಲ್ಲ.

ಹೆಂಡತಿ ನಿದ್ದೆಗಣ್ಣಲ್ಲೇ ಒಂದು ಪ್ರಶ್ನೆ ಕೇಳುತ್ತಾಳೆ. "ಎದಿನೋ, ಹೊಟ್ಟಿನೋ?" ನಾನು ಹೊಟ್ಟಿ ಎನ್ನುತ್ತೇನೆ. ಅವಳು ಮಗ್ಗುಲು ಬದಲಿಸಿ ಮಲಗುತ್ತಾಳೆ. ನನಗೆ ಮಾತ್ರ ನನ್ನ ಉತ್ತರದ ಮೇಲೆ ನಂಬಿಕೆ ಇರುವುದಿಲ್ಲ.

ಈ ಪ್ರಶ್ನೆ ನಮ್ಮ ಮನೆಗೆ ಬಂದದ್ದು ಅಣ್ಣ ಹೋದ ಮೇಲೆ. ಖಾನಾಪುರದ ಅವನ ಮನೆಯಲ್ಲಿ ಒಂದು ಶನಿವಾರ ಊಟ ಮುಗಿಸಿ ಕೂತಿದ್ದೆವು. ಎದೆ ಉರಿಯುತ್ತಿದೆ ಎಂದ. ಪಿತ್ತ ಎಂದು ನಾನೇ ಹೇಳಿದೆ. ಬಸ್ ಸ್ಟ್ಯಾಂಡಿನ ತನಕ ಓಡಿ ಸೋಡಾ ತಂದು, ಲಿಂಬೆ ಹಿಂಡಿ ಕುಡಿಸಿದೆ. ಅಣ್ಣ ಜೋರಾಗಿ ತೇಗಿ, ಈಗ ಹಗುರಾಯಿತು ಎಂದ. ತೇಗು ಬಂತಲ್ಲ, ಇನ್ನು ಚಿಂತೆಯಿಲ್ಲವೆಂದು ಒಂದು ತಾಸು ಹರಟೆ ಹೊಡೆದೆವು. ಆ ತಾಸೇ ಬೇಕಾಗಿತ್ತು. ದವಾಖಾನೆ ಮುಟ್ಟಿದಾಗ ಅದು ಪಿತ್ತವಲ್ಲ, ಹೃದಯ ಎಂದರು. ಹೊತ್ತು ಮೀರಿತ್ತು.

ಅಂದಿನಿಂದ ಪ್ರತಿ ಶನಿವಾರ ಬೆಳಗಾವಿ ಕ್ಯಾಂಪಿನ ನನ್ನ ಕಚೇರಿ ಮುಗಿಸಿ ನಾನು ಖಾನಾಪುರದ ಬಸ್ಸು ಹತ್ತುತ್ತೇನೆ. ವೈನಿ, ಅಂದರೆ ಅಣ್ಣನ ಹೆಂಡತಿ, ಅಲ್ಲಿಯ ಸಾಲೆಯಲ್ಲಿ ಟೀಚರು. ಅವರು ಮದುವೆಯಾಗಿ ಬಂದಾಗ ನಾನಿನ್ನೂ ಏಳನೆಯ ಇಯತ್ತೆ. ನಾನು ಹೋದಾಗ ಅಣ್ಣನಿಗೆ ಸೇರುತ್ತಿದ್ದುದನ್ನೇ ಮಾಡಿ ಬಡಿಸುತ್ತಾರೆ. ಎಣಗಾಯಿ, ಸಜ್ಜೆ ರೊಟ್ಟಿ, ಕೆಂಪು ಮೆಣಸಿನಕಾಯಿ ಅರೆದ ರಂಜಕ, ಅದರ ಮೇಲೆ ಕುಸುಬೆ ಎಣ್ಣೆ. ನಾನು ನನ್ನ ಪಾಲು ಉಂಡು, ಇನ್ನಷ್ಟು ಕೇಳಿ, ಅಣ್ಣನ ಪಾಲನ್ನೂ ಉಣ್ಣುತ್ತೇನೆ. ರುಚಿಗೆ ಅಂದುಕೊಳ್ಳಬೇಡಿ. ಸೋಡಾ ಕುಡಿಸಿದವನು ಬೇಡವೆನ್ನುವುದು ಹೇಗೆ? ಉಂಡು ಕಡೆಯ ಬಸ್ಸಿಗೆ ಮರಳಿ, ಮನೆ ಮುಟ್ಟಿದವನೇ ಅಡ್ಡಾಗುತ್ತೇನೆ.

ನಮ್ಮ ಬಾದಾಮಿ ಕಡೆಯ ಹಳೆಯ ಕಥೆಯೊಂದಿದೆಯಲ್ಲ, ಇಬ್ಬರು ರಾಕ್ಷಸ ಅಣ್ಣತಮ್ಮಂದಿರದು. ತಮ್ಮ ಆಡಾಗಿ ಅಡುಗೆಯಲ್ಲಿ ಸೇರುತ್ತಿದ್ದ. ಅತಿಥಿ ಉಂಡಾದ ಮೇಲೆ ಅಣ್ಣ ಹೊರಗೆ ಬಾ ಎಂದು ಕರೆದರೆ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಕಡೆಗೊಬ್ಬ ಋಷಿ ಹೊಟ್ಟೆ ಸವರಿಕೊಂಡು ಅವನನ್ನು ಅರಗಿಸಿಬಿಟ್ಟ. ಕೂಸಿಗೆ ಹಾಲು ಕುಡಿಸಿ ಹೊಟ್ಟೆ ಸವರುವ ಅಜ್ಜಿಯರು ಇವತ್ತಿಗೂ ಆ ಋಷಿಯನ್ನು ನೆನೆಯುತ್ತಾರೆ. ನಾನೂ ಕೈ ಸವೆಯುವಷ್ಟು ಸವರಿಕೊಂಡಿದ್ದೇನೆ. ಆದರೆ ನನಗೆ ಆ ಋಷಿಯ ತಪಸ್ಸಿಲ್ಲ. ರಾತ್ರಿ ಎರಡಕ್ಕೆ ಎಲ್ಲಿಂದಲೋ ಅಣ್ಣ ಕರೆಯುತ್ತಾನೆ, ಎಣಗಾಯಿ ಓ ಎಂದು ಮೇಲೆ ಬರುತ್ತದೆ.

ಮದ್ದು ಮಾಡಲಿಲ್ಲವೆಂದಲ್ಲ. ಬಾಜೂ ಮನೆಯ ಮರಾಠಿ ಅಜ್ಜಿ ಕೊಟ್ಟ ಒಣ ಪುನರ್ಪುಳಿಯ ಅಮಸೋಲು, ಕಚೇರಿಯ ಗೆಳೆಯ ಕೊಟ್ಟ ಬಡೇಸೋಪು, ತಣ್ಣನೆಯ ಹಾಲು, ಎಲ್ಲ ಆಯಿತು. ಕಡೆಗೆ ಡಾಕ್ಟರ ಹತ್ತಿರ ಹೋದೆ. ಅವರು ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿ, ಹೃದಯ ಗಟ್ಟಿಯಿದೆ, ಇದು ಆಮ್ಲದ್ದೇ ಕಾಟ ಎಂದರು. ಗುಳಿಗೆ ಬರೆದರು. ಖಾರ ಕಡಿಮೆ ಮಾಡಿ, ಮಲಗುವ ಮೂರು ತಾಸು ಮೊದಲೇ ಉಣ್ಣಿ, ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಂಗಿ ಕೊಡಿ ಎಂದರು.

ಮೂರರಲ್ಲಿ ನನ್ನ ಕೈಲಾದದ್ದು ಇಟ್ಟಂಗಿ ಒಂದೇ. ಅದನ್ನೂ ಕೆಡಿಸಿದೆ. ನಮ್ಮ ಮಂಚದ ಕೆತ್ತನೆಯ ಹಲಗೆ ಉತ್ತರದ ಗೋಡೆಗಿದೆ. ಕೋಣೆ ಸಣ್ಣದು, ತಿರುಗಿಸಲು ಬಾರದು. ಉತ್ತರಕ್ಕೆ ತಲೆ ಹಾಕಬಾರದೆಂದು ಇಪ್ಪತ್ತು ವರ್ಷಗಳಿಂದ ನಾವು ಆ ಚಂದದ ಹಲಗೆಗೆ ಕಾಲು ಚಾಚಿ ಮಲಗುವವರು. ಡಾಕ್ಟರು ತಲೆಯ ಕಡೆ ಎಂದದ್ದೇ ತಡ, ನಾನು ಹಲಗೆಯ ಕೆಳಗೆ ಇಟ್ಟಂಗಿ ಸೇರಿಸಿದೆ. ಮೂರು ರಾತ್ರಿ ಕಾಲು ಮೇಲೆ, ತಲೆ ಕೆಳಗೆ. ಉರಿ ಮೂಗಿಗೇ ಬಂತು. ಔಷಧವೆಂದ ಮೇಲೆ ಸ್ವಲ್ಪ ಹಿಂಸೆ ಇರಲೇಬೇಕೆಂದು ಸಹಿಸಿಕೊಂಡೆ. ನಾಲ್ಕನೆಯ ಬೆಳಿಗ್ಗೆ ನೆಲಕ್ಕೆ ಜಾರಿದ್ದ ತನ್ನ ದಿಂಬನ್ನು ಎತ್ತಿಕೊಂಡ ಹೆಂಡತಿ ಇಟ್ಟಂಗಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಅವತ್ತು ನನಗೆ ನನ್ನ ಮೇಲೆ ಪೂರಾ ಬೇಸರ ಬಂತು. ರೋಗ ಗೊತ್ತಾದಾಗಲೂ ತಪ್ಪು ಮದ್ದು ಮಾಡುವವನು, ಗೊತ್ತಿಲ್ಲದಾಗ ಅಣ್ಣನಿಗೆ ಏನು ತಾನೇ ಮಾಡಿಯಾನು?

ಆ ಶನಿವಾರ ಎರಡನೆಯ ರೊಟ್ಟಿಗೆ ಕೈ ಅಡ್ಡ ಹಿಡಿದೆ. ವೈನಿಯ ಮುಖ ಸಣ್ಣದಾಯಿತು. ಏನೋ ನೆಪ ಹೇಳಹೋದವನು ಎಲ್ಲವನ್ನೂ ಹೇಳಿಬಿಟ್ಟೆ. ಉರಿ, ಗುಳಿಗೆ, ಇಟ್ಟಂಗಿ, ಕಡೆಗೆ ಸೋಡಾ. ಅದನ್ನು ಕುಡಿಸದೆ ನೇರ ದವಾಖಾನೆಗೆ ಒಯ್ದಿದ್ದರೆ ಅಣ್ಣ ಇರುತ್ತಿದ್ದನೇನೋ ಎಂದೆ.

ವೈನಿ ರೊಟ್ಟಿಯನ್ನು ಬುಟ್ಟಿಗೆ ವಾಪಸ್ ಇಟ್ಟರು. "ಸ್ವಾಡಾ ತಾ ಅಂತ ನಿನ್ನ ಓಡಿಸಿದಾಕಿ ನಾನು, ತಮ್ಮಾ. ಅದು ನೆನಪಿಲ್ಲೇನು ನಿನಗ?"

ನಿಜವಾಗಿ ನೆನಪಿರಲಿಲ್ಲ. ತಪ್ಪೆಲ್ಲವನ್ನೂ ನಾನೊಬ್ಬನೇ ಉಂಡು ಕೂತಿದ್ದೆ, ಅವರ ಪಾಲನ್ನೂ ಬಿಡದೆ.

"ಖಾರ ನನಗೂ ಆಗೂದಿಲ್ಲ," ಎಂದರು. "ನೀ ಬೇಡಿ ಉಣ್ಣತಿ ಅಂತ ಮಾಡತೇನಿ, ನಿನ್ನ ಜೋಡಿ ಉಣ್ಣತೇನಿ. ನೀ ಹ್ವಾದ ಮ್ಯಾಲ ಗ್ವಾಡಿಗೆ ಬೆನ್ನ ಹಚ್ಚಿ ಕುಂತ ಬೆಳಕ ಹರಿಸತೇನಿ."

ಇಪ್ಪತ್ತೈದು ಕಿಲೋಮೀಟರಿನ ಆಚೆ ಈಚೆ ಇಬ್ಬರು ಒಂದೇ ರಾತ್ರಿ ಗೋಡೆಗೆ ಒರಗಿ ಕೂತಿದ್ದೆವು, ಒಬ್ಬರು ಇನ್ನೊಬ್ಬರ ಮನಸ್ಸು ನೋಯಬಾರದೆಂದು. ನಗಬೇಕಿತ್ತು. ಇಬ್ಬರಿಗೂ ನಗು ಬರಲಿಲ್ಲ.

ಮುಂದಿನ ಶನಿವಾರ ಸಂಜೆ ಆರಕ್ಕೇ ನುಚ್ಚು ಮಜ್ಜಿಗೆ ಉಂಡೆವು. ನಾನು ಚೀಲದಲ್ಲಿ ಎರಡು ಇಟ್ಟಂಗಿ ಒಯ್ದಿದ್ದೆ. ಸುತ್ತಮುತ್ತ ಭಟ್ಟಿಗಳಿರುವ, ಊರೂರಿಗೆ ಇಟ್ಟಂಗಿ ಕಳಿಸುವ ಖಾನಾಪುರಕ್ಕೆ ಬೆಳಗಾವಿಯಿಂದ ಇಟ್ಟಂಗಿ ಹೊತ್ತ ಮೊದಲ ಜಾಣ ನಾನೇ ಇರಬೇಕು. ಬಸ್ಸಿನ ಕಂಡಕ್ಟರು ಚೀಲ ಸರಿಸಲು ಹೋಗಿ ನನ್ನ ಮುಖ ನೋಡಿದ.

ಈ ಸಲ ಮೊದಲೇ ಕೇಳಿದೆ, ತಲೆ ಯಾವ ಕಡೆ ಹಾಕುತ್ತೀರಿ ಎಂದು. ವೈನಿ ತೋರಿಸಿದರು. ಜೋಡಿ ಮಂಚ. ಅವರು ಈಗಲೂ ಗೋಡೆಯ ಬದಿಯ ತಮ್ಮ ಅರ್ಧದಲ್ಲೇ ಮಲಗುತ್ತಾರೆ, ಇನ್ನರ್ಧದ ಹಾಸಿಗೆಯಲ್ಲಿ ಒಂದು ಸುಕ್ಕೂ ಇಲ್ಲ. ಅವರ ಬದಿಯ ಕಾಲಿಗೆ ಒಂದು ಇಟ್ಟಂಗಿ ಕೊಟ್ಟು ಎದ್ದೆ. ಮಂಚ ವಾಲಿ ನಿಂತಿತು.

"ಅವರ ಕಡೀಗೂ ಒಂದ ಕೊಡಬೇಕಲ್ಲೋ," ಎಂದರು ವೈನಿ.

ಕೊಟ್ಟೆ. ಮಂಚ ಸರಿಯಾಯಿತು.