ಅಕ್ಕಿಕಾಳಿಗಿಂತ ಸಣ್ಣ ಹರಳು

ಹುಕ್ಕೇರಿ ದಾಟುವಷ್ಟರಲ್ಲಿ ಹರಳು ಡಬ್ಬಿಯೊಳಗೆ ಹೊರಳಿ, ಅಂಟಿಸಿದ ತಂತಿಗಳು ಕಿತ್ತುಬರಬಹುದಿತ್ತು. ಸಂಕೇಶ್ವರದಲ್ಲಿ ಬಸ್ ಬದಲಿಸುವಾಗ ಡಬ್ಬಿ ಸೀಟಿನ ಮೇಲೇ ಉಳಿಯಬಹುದಿತ್ತು. ಸುಮ್ಮನಿರಲಾರದೆ ನಾನೇ ಮುಚ್ಚಳ ತೆಗೆದು, ನಾನೇ ಸೀನಿ, ಅಕ್ಕಿಕಾಳಿಗಿಂತ ಸಣ್ಣ ಹರಳು ಹಾರಿಹೋಗಬಹುದಿತ್ತು. ಕೊಲ್ಲಾಪುರದಾಚೆಯ ಆ ಪ್ರಯೋಗಾಲಯದಲ್ಲಿ ಹರಳನ್ನು ತಣ್ಣಗಾಗಿಸುವ ದ್ರವ ಹೀಲಿಯಂ ತೀರಿರಬಹುದಿತ್ತು. ಇಪ್ಪತ್ತು ವರ್ಷದ ಮೇಲೆ ಸಿಕ್ಕ ಒಂದು ದಿನ ಕೆಡಲು ಎಷ್ಟೊಂದು ದಾರಿಗಳಿದ್ದವು. ವಾರವೆಲ್ಲ ಅವನ್ನೇ ಎಣಿಸುತ್ತಿದ್ದೆ.

ನಾನು ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಕಾಯಂ ನೌಕರಿ ಸಿಕ್ಕಿತೆಂದು ಆ ಪ್ರಯೋಗಾಲಯದ ಸಂಶೋಧನೆಯನ್ನು ನಡುವೆಯೇ ಬಿಟ್ಟು ಬಂದವನು. ಆದರೆ ಅಲ್ಲಿನ ಪಂಪಿನ ಸದ್ದು ನನ್ನನ್ನು ಬಿಡಲಿಲ್ಲ. ಈಗಲೂ ಮೂಡಲಗಿಯ ಮನೆಯಲ್ಲಿ ಕೂತಾಗ ಬಾಜೂ ಓಣಿಯ ಹಿಟ್ಟಿನ ಗಿರಣಿ ಶುರುವಾದರೆ ಎದ್ದು ಕಿಟಕಿಗೆ ಹೋಗುತ್ತೇನೆ.

ಆಗ ನನ್ನೊಂದಿಗೆ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಹುಕ್ಕೇರಿಯ ಗೆಳೆಯ ಈಗ ಅಲ್ಲಿ ಪ್ರೊಫೆಸರ್. ಅವನೇ ಫೋನು ಮಾಡಿದ್ದ. “ಹರಳು ನಾ ಬೆಳಸೇನಿ, ಕಳಸ್ತೇನಿ. ತಂತಿ ಅಂಟಸಾಕ ನಿನ್ನಷ್ಟು ತಾಳ್ಮಿ ಯಾರಿಗೂ ಇಲ್ಲೋ. ಅಂಟಿಸ್ಕೊಂಡು ಒಂದಿನ ಬಾ, ನೀನ ಅಳಿ.”

ಆ ಹರಳಿನೊಳಗೆ ಪುಟ್ಟ ಪುಟ್ಟ ಕಾಂತಗಳು ತ್ರಿಕೋನದ ಮೂಲೆಗಳಲ್ಲಿ ಕೂತಿರುತ್ತವೆ. ಪ್ರತಿಯೊಂದಕ್ಕೂ ಪಕ್ಕದ್ದಕ್ಕೆ ವಿರುದ್ಧವಾಗಿ ನಿಲ್ಲುವ ಹಠ. ಎರಡಕ್ಕೆ ಅದು ಸಾಧ್ಯ, ಮೂರನೆಯದಕ್ಕೆ ಯಾರ ವಿರುದ್ಧ ನಿಲ್ಲಬೇಕೆಂದೇ ತಿಳಿಯುವುದಿಲ್ಲ. ಆ ಮೂರನೆಯದರ ಸ್ವಭಾವ ನನಗೆ ಚೆನ್ನಾಗಿ ಪರಿಚಯ. ಇಂಥ ಹರಳನ್ನು ಕಾಂತಕ್ಷೇತ್ರದಲ್ಲಿಟ್ಟು ವಿದ್ಯುತ್ ಹರಿಸಿದಾಗ ಎಲೆಕ್ಟ್ರಾನುಗಳು ಜೋರಾಗಿ ಪಕ್ಕಕ್ಕೆ ವಾಲುತ್ತವೆ, ಅಡ್ಡಲಾಗಿ ವೋಲ್ಟೇಜು ಹುಟ್ಟುತ್ತದೆ. ಅದೇ ಹಾಲ್ ಪರಿಣಾಮ. ಆ ವೋಲ್ಟೇಜು ಪರದೆಯ ಮೇಲೆ ಬರೆಯುವ ಗೆರೆಯೊಂದನ್ನು ನನ್ನ ಕೈಯಿಂದಲೇ ಅಳೆದು ನೋಡಬೇಕಿತ್ತು, ಅಷ್ಟೇ ಆಸೆ.

ಪ್ರಯೋಗಾಲಯ ಮುಟ್ಟಿದ ಮೇಲೆ ಗೆಳೆಯ ಕೇಳಿದ, “ಒಂದ ಕಡೆ ನಿಂದ್ರಾಕ ಯಾಕ ಆಗವಲ್ದೋ ಮಾಸ್ತರ?”

“ಚಹಾ ಕುಡದಿಲ್ಲ.”

“ಮೂರು ಕಪ್ ಆತು ನಿಂದು.”

ತಂತಿ ಕಿತ್ತುಬಂದಿರಲಿಲ್ಲ. ಹೀಲಿಯಂ ಇತ್ತು. ಕಾಂತಕ್ಷೇತ್ರ ಏರಿಸಿದಂತೆ ಪರದೆಯ ಮೇಲೆ ಗೆರೆ ನಿಧಾನಕ್ಕೆ ಮೇಲೆದ್ದಿತು. ಎಷ್ಟು ಹೊತ್ತು ನೋಡುತ್ತ ಕೂತೆನೋ. “ಬಸ್ ತಪ್ಪತೈತಿ ನೋಡ ನಿಂದು” ಎಂದು ಅವನು ಪಕ್ಕದ ಕೋಣೆಯಿಂದ ಕೂಗಿದಾಗ ಗಾಬರಿಯಾಗಿ ಕ್ಷೇತ್ರ ಇಳಿಸಿ, ಹರಳು ಬಿಚ್ಚಿಟ್ಟು ಓಡಿದೆ. ದಾರಿಯುದ್ದಕ್ಕೂ ಆ ಗೆರೆ ಕಣ್ಣಲ್ಲೇ ಇತ್ತು.

ಮರುದಿನ ಫೋನು ಬಂತು. “ಇನ್ನೊಂದ್ ಫೈಲ್ ಎಲ್ಲೈತೋ?”

ಹರಳಿನ ಎರಡು ಬದಿಯ ತಂತಿಗಳು ಎಂದೂ ಸರಿಯಾಗಿ ಎದುರುಬದುರು ಕೂರುವುದಿಲ್ಲ. ಅದರಿಂದಾಗುವ ತಪ್ಪು ಕಳೆಯಲೆಂದು ಕಾಂತಕ್ಷೇತ್ರದ ದಿಕ್ಕು ತಿರುಗಿಸಿ ಎರಡನೆಯ ಸಲ ಅಳೆಯಬೇಕು. ಪ್ರತಿ ವರ್ಷ ಕ್ಲಾಸಿನಲ್ಲಿ ಇದನ್ನು ಎರಡೆರಡು ಸಲ ಹೇಳುತ್ತೇನೆ.

ಅವತ್ತು ಒಂದೇ ಸಲ ಅಳೆದು ಬಂದಿದ್ದೆ.