ಎಲ್ಲರಿಗೂ ಹೂಂ ಅನ್ನುವ ಮಾಮನ ಲ್ಯಾಪ್‌ಟಾಪು

ಸಿಂಧನೂರಿನಲ್ಲಿ ನನ್ನ ಸೋದರಮಾವನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಆ ಅಂಗಡಿಯಲ್ಲಿ ಒಂದು ಲ್ಯಾಪ್‌ಟಾಪು ಇದೆ. ಬಿಲ್ಲು ಮಾಡುವುದು ಅದರ ಕೆಲಸ ಅಂತ ಮಾಮ ಹೇಳುತ್ತಾನೆ. ಆದರೆ ನಾನು ನೋಡಿದ ಹಾಗೆ ಅದರ ಮುಖ್ಯ ಕೆಲಸ ಒದರುವುದೇ ಆಗಿತ್ತು. ಬೆಳಿಗ್ಗೆ ಬಟನ್ ಒತ್ತಿದರೆ ಸಾಕು, ಒಳಗಿನ ಫ್ಯಾನು ದೂರದ ಗದ್ದೆಯಲ್ಲಿ ಭತ್ತ ಕೊಯ್ಯುವ ಮಷಿನ್ ಬಂದಂತೆ ಮೆಲ್ಲಗೆ ಶುರುವಾಗಿ, ಸ್ವಲ್ಪ ಹೊತ್ತಿಗೆ ನೇರ ಗಲ್ಲಾಪೆಟ್ಟಿಗೆಯ ಮೇಲೇ ಬಂದು ನಿಲ್ಲುತ್ತಿತ್ತು. ದಢೇಸುಗೂರಿನಿಂದ ಗೊಬ್ಬರಕ್ಕೆ ಬಂದ ರೈತರು ಮಾಮನ ಜೊತೆ ಕೂಗಿಯೇ ಮಾತಾಡುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ದಿನವೂ ಜಗಳ.

ನಾನು ಆ ಫ್ಯಾನಿನ ಸದ್ದನ್ನೂ ಕಲಿತುಬಿಟ್ಟಿದ್ದೆ. ಏನು ಮಾಡಲಿ, ಯಾವ ದನಿ ಕಿವಿಗೆ ಬಿದ್ದರೂ ನನಗೆ ಬಾಯಿ ತುರಿಸುತ್ತದೆ. ಮಸ್ಕಿ-ಸಿಂಧನೂರು ಬಸ್ಸಿನ ಕಂಡಕ್ಟರ್ ಕೆಳಗಿಳಿದು ಚಹಾ ಕುಡಿಯುತ್ತಿದ್ದಾಗ ಹಿಂದಿನ ಸೀಟಿನಿಂದ ಅವನದೇ ಗಂಟಲಿನಲ್ಲಿ ‘ರೈಟ್’ ಹೇಳಿ ಬಸ್ಸನ್ನು ಹೊರಡಿಸಿದವನು ನಾನು. ಕಂಡಕ್ಟರ್ ಕಪ್ಪು ಹಿಡಿದುಕೊಂಡೇ ಓಡಿಬಂದು ಹತ್ತಿದ. ಓಡುವಾಗ ಅವನು ಬೈದ ಬೈಗುಳವನ್ನೂ ನಾನು ಚೆನ್ನಾಗಿ ಮಾಡುತ್ತೇನೆ. ಫೋಟೋದಲ್ಲಿ ನೋಡಿದವರು ನನ್ನನ್ನು ಬಹಳ ಗಂಭೀರ ಹುಡುಗ ಅನ್ನುತ್ತಾರೆ, ಫೋಟೋಗೆ ಬಾಯಿ ಇಲ್ಲವಲ್ಲ. ಬಿ.ಕಾಂ. ಹೇಗೋ ಮುಗಿದಿದೆ. ಮೀಸೆಯ ಅರ್ಜಿ ಇನ್ನೂ ವಿಚಾರಣೆಯಲ್ಲಿದೆ. ಒಮ್ಮೆ ಯಾರದೋ ಪ್ರಿಂಟರಿನ ವಾಯರು ಕಿತ್ತು ಮತ್ತೆ ಸಿಕ್ಕಿಸಿ ಸರಿ ಮಾಡಿದ್ದಕ್ಕೆ ನಮ್ಮ ಬಳಗದಲ್ಲಿ ನಾನು ಕಂಪ್ಯೂಟರ್ ಪಂಡಿತ.

ಈ ಪಾಂಡಿತ್ಯಕ್ಕೆ ನಿಜವಾದ ಪರೀಕ್ಷೆ ಬಂದದ್ದು ನನ್ನ ಅಕ್ಕನಿಂದ. ಅಕ್ಕ ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಪಾಮನಕಲ್ಲೂರಿನಲ್ಲಿ ಅತಿಥಿ ಶಿಕ್ಷಕಿಯಾಗಿ ಕಲಿಸಿದ್ದಳು. ಅಲ್ಲಿಗೆ ಕಾಯಂ ಶಿಕ್ಷಕರು ಬಂದ ಮೇಲೆ ಮಸ್ಕಿಯ ನಮ್ಮ ಮನೆಯಲ್ಲೇ ಇದ್ದಳು. ಪಾಠ ಮಾಡದೆ ಇರಲಾರದವಳು ಅವಳು. ಕುಕ್ಕರ್ ಸೀಟಿ ಹಾಕಿದರೆ ಅವ್ವನನ್ನು ನಿಲ್ಲಿಸಿ ಆವಿಯ ಒತ್ತಡ ವಿವರಿಸುತ್ತಿದ್ದಳು. ಅವ್ವ ಅನ್ನ ಮುದ್ದೆಗಟ್ಟುವವರೆಗೂ ಕೇಳಬೇಕಿತ್ತು. ಈಗ ಲಿಂಗಸುಗೂರಿನ ಒಂದು ಶಾಲೆಯಿಂದ ಕರೆ ಬಂದಿತ್ತು. ವಿಜ್ಞಾನದ ಟೀಚರ್ ಕೆಲಸ. ಆದರೆ ಮೊದಲು ವಿಡಿಯೋ ಕಾಲಿನಲ್ಲಿ ಒಂದು ಮಾದರಿ ಪಾಠ ಮಾಡಿ ತೋರಿಸಬೇಕು; ಹೆಡ್‌ಮಾಸ್ಟರು ಮತ್ತು ಇನ್ನಿಬ್ಬರು ಬೇರೆ ಬೇರೆ ಊರಿಂದ ಕೂತು ನೋಡುತ್ತಾರೆ. ಪರದೆಯ ಮೇಲೆ ಚಿತ್ರಗಳನ್ನೂ ತೋರಿಸಬೇಕಾದ್ದರಿಂದ ಮೊಬೈಲು ಸಾಲದು, ಲ್ಯಾಪ್‌ಟಾಪೇ ಬೇಕು ಅಂತ ಹೇಳಿದ್ದರು. ನಮ್ಮ ಬಳಗದಲ್ಲಿ ಇದ್ದ ಒಂದೇ ಲ್ಯಾಪ್‌ಟಾಪು ಮಾಮನ ಆ ಕೊಯ್ಲು ಮಷಿನ್ನು.

ಮುಂಚಿನ ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗೊಬ್ಬರದ ಚೀಲಗಳ ನಡುವೆ ಕುರ್ಚಿ ಹಾಕಿ, ಅಕ್ಕ ತನ್ನ ಗೆಳತಿಗೆ ಕಾಲ್ ಮಾಡಿ ತಾಲೀಮು ನಡೆಸಿದಳು. ಪಾಠದ ವಿಷಯ ಶಬ್ದ. ಶುರು ಮಾಡಿ ಎರಡು ಮಾತು ಆಡುವುದರೊಳಗೆ ಪರದೆಯಲ್ಲಿ ಅಕ್ಕನ ಮುಖ ಬಾಯಿ ತೆರೆದಂತೆಯೇ ನಿಂತಿತು. ಆಚೆಯಿಂದ ಗೆಳತಿಯ ದನಿ ‘ಕೇ... ಕೇ... ಳ್ತಿಲ್ಲ... ಲ್ಲ’ ಅಂತ ಬಿಕ್ಕಳಿಸಿತು. ನಾನು ಪರದೆಯನ್ನೊಮ್ಮೆ ಇಣುಕಿ, ಲ್ಯಾಪ್‌ಟಾಪಿನ ಹಿಂದೆ ನಿಂತು ಅದೇ ಮುಖ ಮಾಡಿ, ಅದೇ ಬಿಕ್ಕಳಿಕೆ ಹಾಕಿದೆ. ಗೆಳತಿಗೆ ಅದೊಂದೂ ಕೇಳಿಸಲಿಲ್ಲ. ಅಕ್ಕನ ಪಾಠವೂ ಕೇಳಿಸಲಿಲ್ಲವಂತೆ, ಯಾರೋ ಹಿಟ್ಟಿನ ಗಿರಣಿ ನಡೆಸುತ್ತಿದ್ದುದು ಮಾತ್ರ ಕೇಳಿಸಿತಂತೆ.

ನನ್ನ ಮಿಮಿಕ್ರಿಗೆ ಅಕ್ಕ ಬೈಯುವುದುಂಟು, ಚಪ್ಪಲಿ ಎಸೆಯುವುದುಂಟು. ಅವತ್ತು ಎರಡೂ ಮಾಡಲಿಲ್ಲ. ಪರದೆಯನ್ನೇ ನೋಡುತ್ತ, “ನಾಳೆ ಹಿಂಗಾದ್ರ ನನ್ನ ಬಾಯಿ ತೆರದಿದ್ದ ಫೋಟೋ ನೋಡಿ ಕೆಲಸ ಕೊಡ್ತಾರೇನ್ಲೇ?” ಅಂದಳು. ಆ ದನಿಯನ್ನು ನಾನು ಅನುಕರಿಸಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ.

ಮಾಮನಿಗೆ ಆಗಲೇ ಒಂದು ರೋಗನಿದಾನ ಹೊಳೆದಿತ್ತು. ಅದಕ್ಕೆ ಉಷ್ಣ ಆಗಿದೆ. ಲ್ಯಾಪ್‌ಟಾಪನ್ನು ಕೂಲರಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿದ. ಅದು ಒದರಿತು, ಕೂಲರೂ ಒದರಿತು, ಈಗ ಎರಡು ಗಿರಣಿ. ನಾನು ಬ್ರಷ್ಷಿನಿಂದ ಧೂಳು ಕೊಡವಿದೆ. ಯೂರಿಯಾ ವಾಸನೆಯ ಧೂಳು ನನ್ನ ಮೂಗಿಗೆ ಬಂತೇ ಹೊರತು ಸದ್ದು ತಗ್ಗಲಿಲ್ಲ. ಬ್ರೌಸರನ್ನು ಮುಚ್ಚಿದೆ. ಆದರೂ ಫ್ಯಾನು ತಿರುಗುತ್ತಲೇ ಇತ್ತು. ಬಂದ್ ಮಾಡಿ ಚಾಲೂ ಮಾಡಿದೆ. ಮಷಿನ್ನು ದೂರದ ಗದ್ದೆಯಿಂದ ಮತ್ತೆ ಹೊರಟಿತು. ನನ್ನ ಪಾಂಡಿತ್ಯ ಅಲ್ಲಿಗೆ ಖಾಲಿ. ಪಂಡಿತನ ಮುಖದಲ್ಲೇ ಮೊಬೈಲು ತೆಗೆದು, ಅಕ್ಕನಿಗೆ ಕಾಣದಂತೆ ಹುಡುಕಿ ಓದಿಕೊಂಡೆ.

ಓದಿದ್ದರ ಪ್ರಕಾರ ಟಾಸ್ಕ್ ಮ್ಯಾನೇಜರ್ ತೆರೆದೆ. ಯಾವ ಪ್ರೋಗ್ರಾಮು ಎಷ್ಟು ತಿನ್ನುತ್ತಿದೆ ಅಂತ ಅದು ತೋರಿಸುತ್ತದೆ. ಪ್ರೊಸೆಸರಿನ ಹೆಚ್ಚುಕಮ್ಮಿ ಇಡೀ ಶಕ್ತಿಯನ್ನು ಬ್ರೌಸರೇ ನುಂಗುತ್ತಿತ್ತು, ಅದೂ ನಾನು ಆಗಲೇ ಮುಚ್ಚಿದ್ದ ಬ್ರೌಸರು. ಕಿಟಕಿ ಮುಚ್ಚಿದರೂ ಹಿಂದೆ ಓಡುತ್ತಿರಲಿ ಅನ್ನುವ ಒಂದು ಆಯ್ಕೆಗೆ ಟಿಕ್ ಬಿದ್ದಿತ್ತು. ಬ್ರೌಸರಿನದೇ ಆದ ಇನ್ನೊಂದು ಟಾಸ್ಕ್ ಮ್ಯಾನೇಜರ್ ಇರುತ್ತದೆ, ಮೆನುವಿನ ಒಳಗೆ. ಅದನ್ನು ತೆರೆದಾಗ ಒಳಗೆ ಒಂದು ಮದುವೆ ಮನೆಯೇ ಕಂಡಿತು. ಎಲ್ಲವೂ ಎಕ್ಸ್‌ಟೆನ್ಷನ್‌ಗಳು, ಅಂದರೆ ಬ್ರೌಸರಿಗೆ ಅಂಟಿಕೊಂಡು ಹಿನ್ನೆಲೆಯಲ್ಲಿ ದುಡಿಯುವ ಪುಟ್ಟ ಪುಟ್ಟ ಸಾಧನಗಳು. ಹವಾಮಾನ ಹೇಳುವಂಥದ್ದು, ಕ್ರಿಕೆಟ್ ಸ್ಕೋರಿನದು, ಪಿಡಿಎಫ್ ಮಾಡುವಂಥವು ಮೂರು, ಇಂಗ್ಲಿಷ್ ತಪ್ಪು ತಿದ್ದುವಂಥದ್ದು, ಮೌಸಿನ ಬಾಣವನ್ನು ಗುಲಾಬಿ ಮಾಡಿ ಹೋದಲ್ಲೆಲ್ಲ ದಳ ಉದುರಿಸುವಂಥದ್ದು. ಎಲ್ಲರಿಗಿಂತ ಮೇಲೆ, ಅತಿ ಹೆಚ್ಚು ತಿನ್ನುತ್ತ ಕೂತಿತ್ತು ರಿಯಾಯಿತಿ ಹುಡುಕುವ ಸಾಧನ. ಮಾಮ ಆನ್‌ಲೈನಿನಲ್ಲಿ ಒಂದು ಚಮಚವನ್ನೂ ಕೊಂಡವನಲ್ಲ. ಅವನಿಗಾಗಿ ಅದು ಹಗಲೆಲ್ಲ ಬೆವರು ಸುರಿಸಿ ಸೀರೆ, ಬೂಟು, ಮಿಕ್ಸರುಗಳ ಬೆಲೆ ಇಳಿಯಿತೇ ಅಂತ ನೋಡುತ್ತಿತ್ತು.

ಇವೆಲ್ಲ ಹೇಗೆ ಬಂದವು ಅಂತ ಕೇಳಿದೆ. ಮಾಮ ನಿರ್ಮಲ ಮನಸ್ಸಿನಿಂದ ಹೇಳಿದ: “ಅವು ಬಂದು ಕೇಳ್ತಿದ್ದುವು. ನಾ ಹೂಂ ಅಂತಿದ್ದೆ.”

ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಮ್ಮ ಮಾಮನ ಅಂಗಡಿಯನ್ನು ನೋಡಬೇಕು. ಅಲ್ಲಿಗೆ ಬಂದ ಯಾರಿಗೂ ಇಲ್ಲ ಅನ್ನುವ ರಿವಾಜು ಇಲ್ಲ. ಬೀಜದ ಕಂಪನಿಯ ಏಜೆಂಟು ಹೊಸ ಕ್ಯಾಲೆಂಡರ್ ತಂದರೆ ಹೂಂ, ಅವನ ಬೆನ್ನಿಗೇ ಇನ್ನೊಂದು ಕಂಪನಿಯವನು ತಂದರೆ ಅದಕ್ಕೂ ಹೂಂ. ಗೋಡೆಯಲ್ಲಿ ಒಂದೇ ಮೊಳೆಗೆ ಕ್ಯಾಲೆಂಡರುಗಳು ತೆಕ್ಕೆ ಬಿದ್ದಿವೆ. ವಿಳಾಸ ತಪ್ಪಿ ಒಳಗೆ ಬಂದವನಿಗೂ ಮೊದಲು ಚಹಾ, ಆಮೇಲೆ ದಾರಿ. ಹಾಗಿರುವಾಗ ಪರದೆಯ ಮೇಲೆ ಒಂದು ಚೌಕ ತಾನಾಗಿ ಬಂದು, ನನ್ನನ್ನು ಸೇರಿಸಿಕೊಳ್ಳುತ್ತೀರಾ ಅಂತ ಕೇಳಿದರೆ ಮಾಮ ಏನು ಮಾಡಿಯಾನು? ಸುದ್ದಿಯ ಸೈಟು ಸೂಚನೆ ಕಳಿಸಲೇ ಅಂತು, ಹೂಂ. ಜ್ಯೋತಿಷ್ಯದ ಸೈಟು ಅಂತು, ಹೂಂ. ಯಾರಿಗೂ ಚಹಾ ಕುಡಿಸಲಾಗಲಿಲ್ಲ ಅನ್ನುವುದೊಂದೇ ಅವನಿಗೆ ಕೊರತೆ.

ಅವನ್ನು ತೆಗೆಯುವುದು ಅವನಿಗೆ ಪ್ರಾಣಸಂಕಟವಾಯಿತು. ರಿಯಾಯಿತಿಯದನ್ನು ಅಳಿಸಲು ಹೋದಾಗ ಅದು ಪಾಪ ನಮಗೇನು ಮಾಡಿದೆ ಅಂದ. ಮೂರು ಪಿಡಿಎಫ್‌ಗಳಲ್ಲಿ ಎರಡನ್ನು ತೆಗೆದರೆ ಉಳಿದದ್ದಕ್ಕೆ ಬೇಸರವಾಗುತ್ತದೆ ಅಂದ. ನಾನು ಒಂದೊಂದಕ್ಕೂ ಒಂದೊಂದು ದನಿ ಕೊಟ್ಟು ಬೀಳ್ಕೊಡತೊಡಗಿದೆ. ತಪ್ಪು ತಿದ್ದುವಂಥದ್ದು ಮೂಗಿನಲ್ಲಿ ಇಂಗ್ಲಿಷ್ ಮಾತಾಡುತ್ತ ಹೋಯಿತು. ಕ್ರಿಕೆಟ್ಟಿನದು ಕಾಮೆಂಟ್ರಿ ಹೇಳುತ್ತ ತಾನೇ ಔಟಾಯಿತು. ರಿಯಾಯಿತಿಯದು ಸಂತೆಯಲ್ಲಿ ಕೂಗಿದಂತೆ ತನ್ನ ಬೆಲೆಯನ್ನೇ ಇಳಿಸಿಕೊಳ್ಳುತ್ತ ಹೋಯಿತು. ಮಾಮ ನಗಲೂ ಆರಂಭಿಸಿದ, ಕಣ್ಣೂ ಒರೆಸಿಕೊಂಡ. ಗುಲಾಬಿಯ ಸರದಿ ಬಂದಾಗ ಮಾತ್ರ ನನ್ನ ಕೈ ಹಿಡಿದುಬಿಟ್ಟ.

“ಅದೊಂದು ಇರಲೋ. ಬಿಲ್ ಮಾಡುವಾಗ ಹೂವು ಉದುರಿದ್ರ ಗಿರಾಕಿಗೂ ಚೆಂದ ಅನಸ್ತೈತಿ.”

ಅಕ್ಕ ಬಂದು ನಡುವೆ ಕೂತಳು. ಅವಳೊಳಗಿನ ಟೀಚರ್ ಎದ್ದುಬಂದಳು ಅನ್ನಬೇಕು. ಮನೆಗೆ ಬಂದ ನೆಂಟರು ಅಡುಗೆಮನೆಯಲ್ಲೇ ಮಲಗಿದರೆ ಅಡುಗೆ ಮಾಡುವುದು ಎಲ್ಲಿ ಅಂತ ಕೇಳಿದಳು. ಹೊರಗೆ ಹಾಕುವುದು ಬೇಡ, ಮಲಗಿಸೋಣ. ಬೇಕಾದಾಗ ಎಬ್ಬಿಸಿದರಾಯಿತು ಅಂದಳು. ಅಳಿಸದೆ ಬರೀ ಆಫ್ ಮಾಡಿಡುವ ಗುಂಡಿ ಇತ್ತು. ಮಾಮ ತಾನೇ, ಮಗುವಿನ ಮೇಲೆ ಚಾದರ ಹೊದಿಸುವಂತೆ, ಗುಲಾಬಿಯ ಗುಂಡಿಯನ್ನು ಎಡಕ್ಕೆ ಸರಿಸಿದ. ಹವಾಮಾನದ್ದನ್ನು ಕೂಡ ಹಾಗೇ ಮಲಗಿಸಿದೆವು. ಮಿಕ್ಕವನ್ನು ಅಳಿಸಿದೆ. ಸೈಟುಗಳಿಗೆ ಕೊಟ್ಟಿದ್ದ ಸೂಚನೆಯ ಅನುಮತಿಗಳನ್ನು ವಾಪಸ್ಸು ಪಡೆದೆ. ಮುಚ್ಚಿದ ಮೇಲೂ ಓಡುವ ಆ ಟಿಕ್ಕನ್ನು ತೆಗೆದೆ. ಯಂತ್ರ ಚಾಲೂ ಆದ ಕೂಡಲೇ ತಾವೂ ಏಳುತ್ತಿದ್ದ ಇನ್ನೆರಡು ಬೇಡದ ಸಹಾಯಕರನ್ನು ಸ್ಟಾರ್ಟಪ್ ಪಟ್ಟಿಯಿಂದ ನಿಲ್ಲಿಸಿದೆ. ಆಮೇಲೆ ಬಂದ್ ಮಾಡಿ ಚಾಲೂ ಮಾಡಿದೆ.

ಮೂವರೂ ಬಗ್ಗಿ ಕಿವಿಗೊಟ್ಟೆವು. ಏನೂ ಇಲ್ಲ. ಕೆಟ್ಟೇಹೋಯಿತು ಅಂತ ಮಾಮ ಅಂದುಕೊಂಡ. ಪರದೆ ಮಾತ್ರ ಬೆಳಗುತ್ತಿತ್ತು. ಮೊದಲು ತುದಿ ಮುಟ್ಟಿದ್ದ ಪ್ರೊಸೆಸರು ಈಗ ತಳದಲ್ಲಿ ತೂಕಡಿಸುತ್ತಿತ್ತು. ಆ ಅಂಗಡಿಯಲ್ಲಿ ಗೋಡೆಗಡಿಯಾರ ಇದೆ ಅಂತ ನನಗೆ ಅವತ್ತೇ ಕೇಳಿಸಿದ್ದು. ನಾನು ಖುಷಿಗೆ ಚೀಲಗಳ ಮೇಲೆ ಹತ್ತಿ ಕುಣಿದೆ. ಮಾಮ ಕೆಳಗಿನಿಂದಲೇ ಕುಣಿದ.

ಮರುದಿನ ಹನ್ನೊಂದು ಗಂಟೆಗೆ ವಿಡಿಯೋ ಕಾಲ್ ಶುರುವಾಯಿತು. ಅಕ್ಕ ಗಂಜಿ ಹಾಕಿದ ಸೀರೆಯಲ್ಲಿ ಕೂತಿದ್ದಳು. ಮಾಮ ಅಂಗಡಿಯ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಬೆರಳು ಬಾಯಿಗಿಟ್ಟು ಚಹಾ ಕೊಡುತ್ತಿದ್ದ. ನಾನು ಹಿಂದಿನ ದಿನದ ಜಾಗದಲ್ಲೇ, ಲ್ಯಾಪ್‌ಟಾಪಿನ ಹಿಂದೆ. ಹೆಡ್‌ಮಾಸ್ಟರದು ಬಾವಿಯೊಳಗಿನಿಂದ ಬರುವಂಥ ದನಿ. ಪ್ರತಿ ಮಾತಿಗೂ ಮುಂಚೆ ‘ಹಾಂ... ಅಂದ್ರ...’ ಅಂತ ಎರಡು ಕೊಡ ನೀರು ಸೇದಿ, ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಇಂಥ ದನಿ ಎದುರಿಗೆ ಬಂದು ನಿಂತರೆ ನನ್ನ ಬಾಯಿ ನನ್ನ ಮಾತು ಕೇಳುತ್ತದೆಯೇ? ಅಕ್ಕ ಪಾಠ ಶುರು ಮಾಡಿದಳು. ಶಬ್ದ ಹೇಗೆ ಹುಟ್ಟುತ್ತದೆ ಗೊತ್ತೇ ಅಂತ ಕೇಳಿದಳು. ನಾನು ತೀರ ಮೆತ್ತಗೆ, ನನ್ನ ಎದೆಗಷ್ಟೇ ಕೇಳುವಂತೆ, ಬಾವಿಯ ದನಿಯಲ್ಲಿ, “ಹಾಂ... ಅಂದ್ರ... ಶಬ್ದ...” ಅಂದೆ.

ಗಿರಣಿ ಇದ್ದಿದ್ದರೆ ಅದು ಯಾರಿಗೂ ಮುಟ್ಟುತ್ತಿರಲಿಲ್ಲ. ಗಿರಣಿಯನ್ನು ನಾನೇ ನಿಲ್ಲಿಸಿದ್ದೆ. ಈಗ ಮೈಕು ಗಡಿಯಾರದ ಟಿಕ್ ಟಿಕ್ಕನ್ನೂ ಹೆಕ್ಕಿ ಲಿಂಗಸುಗೂರಿಗೆ ಕಳಿಸುವಷ್ಟು ಚುರುಕಾಗಿತ್ತು. ಹೆಡ್‌ಮಾಸ್ಟರು ನಿಧಾನವಾಗಿ, “ಹಾಂ... ಅಂದ್ರ... ಯಾರದು?” ಅಂದರು.

ಅಕ್ಕನ ಮುಖ ಬೆಳ್ಳಗಾಯಿತು. ಅವಳ ಕೆಲಸ ನನ್ನ ನಾಲಿಗೆಯ ತುದಿಯಿಂದ ಜಾರಿ ಬಿತ್ತು ಅಂದುಕೊಂಡೆ. ಆದರೆ ಅವಳು ಲ್ಯಾಪ್‌ಟಾಪಿನ ಮೇಲಿಂದ ನನ್ನನ್ನು ನೋಡಿದ ನೋಟ ಅಕ್ಕನದಾಗಿರಲಿಲ್ಲ.

“ನನ್ನ ವಿದ್ಯಾರ್ಥಿ ರೀ ಸರ್,” ಅಂದಳು. “ಲೇ, ಬಾ ಇಲ್ಲಿ. ಗಂಟಲ ಮ್ಯಾಲ ಎರಡು ಬೆರಳು ಇಟ್ಟು, ಈಗ ಅಂದದ್ದನ್ನ ಇನ್ನೊಮ್ಮೆ ಅನ್ನು.”

ನಾನು ಕ್ಯಾಮೆರಾದ ಮುಂದೆ ಬಂದೆ. ಬೆರಳು ಇಟ್ಟೆ. ಹೆಡ್‌ಮಾಸ್ಟರ ಮುಖ ನೋಡುತ್ತ, ಅವರದೇ ದನಿಯಲ್ಲಿ, ‘ಹಾಂ... ಅಂದ್ರ...’ ಅಂದೆ. ಇಷ್ಟು ಕಷ್ಟದ ಪ್ರದರ್ಶನ ನನ್ನ ಜನ್ಮದಲ್ಲೇ ಕೊಟ್ಟಿಲ್ಲ. ಬೆರಳಿಗೆ ಏನು ತಿಳಿಯಿತು ಅಂತ ಅಕ್ಕ ಕೇಳಿದಳು. ನಡುಗುತ್ತಿದೆ ಟೀಚರ್ ಅಂದೆ, ಅದು ಸುಳ್ಳಲ್ಲ. ನಡುಗುವುದರಿಂದಲೇ ಶಬ್ದ ಹುಟ್ಟುವುದು ಅಂತ ಅವಳು ಪರದೆಗೆ ತಿರುಗಿ ಹೇಳಿದಳು. ಆಮೇಲೆ ನನ್ನಿಂದ ಸೊಳ್ಳೆ ಹಾಡಿಸಿದಳು, ಲಾರಿ ಓಡಿಸಿದಳು, ಸೊಳ್ಳೆಯದು ಯಾಕೆ ಸಣ್ಣ ದನಿ, ಲಾರಿಯದು ಯಾಕೆ ದಪ್ಪ ಅಂತ ವಿವರಿಸಿದಳು. ಕೊನೆಗೆ ನಿನ್ನ ಸ್ವಂತ ದನಿಯಲ್ಲಿ ಮಾತಾಡು ಅಂದಾಗ ನನಗೆ ಒಂದು ಗಳಿಗೆ ಅದು ಸಿಕ್ಕಲೇ ಇಲ್ಲ. ನೋಡುತ್ತಿದ್ದ ಇನ್ನಿಬ್ಬರಲ್ಲಿ ಒಬ್ಬರು, ಪರದೆಯ ಮೂಲೆಯಲ್ಲಿದ್ದ ಮೇಡಂ, ಸೆರಗು ಬಾಯಿಗೆ ಹಿಡಿದುಕೊಂಡಿದ್ದರು.

ಪಾಠ ಮುಗಿಯಿತು. ಹೆಡ್‌ಮಾಸ್ಟರು, ಈ ಹುಡುಗ ಎಷ್ಟನೇ ಇಯತ್ತೆ ಅಂತ ಕೇಳಿದರು.

“ಬಿ.ಕಾಂ. ಮುಗಿಸ್ಯಾನ್ರೀ ಸರ್,” ಅಂದಳು ಅಕ್ಕ. “ನನ್ನ ತಮ್ಮ.”

“ಹಾಂ... ಅಂದ್ರ... ನಮ್ಮ ಏಳನೇ ಇಯತ್ತಿನ್ಯಾಗ ಇಂಥಾವ್ರು ಹತ್ತು ಮಂದಿ ಅದಾರ. ಹ್ಯಾಂಗ ಸಂಭಾಳಸ್ತೀರಿ ಅಂತ ಕೇಳಾವಿದ್ದೆ. ಈಗ ಕೇಳೂದು ಬ್ಯಾಡ. ಸೋಮವಾರ ಬರ್ರಿ.”

ಕಾಲ್ ಮುಗಿದ ಮೇಲೆ ಅಕ್ಕ ನನ್ನ ಕಿವಿ ಹಿಂಡಿದಳು, ಹಿಂಡುತ್ತಲೇ ನಕ್ಕಳು. ಮಸ್ಕಿಗೆ ಹೋದ ಮೇಲೂ ಬಿಡಲಿಲ್ಲ. ಭಾನುವಾರ ಇಡೀ ದಿನ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ಆ ಹತ್ತೂ ಮಂದಿಯಾಗು ಅಂದಳು. ನಾನು ಒಬ್ಬನಾಗಿ ಆಕಳಿಸಿದೆ, ಇನ್ನೊಬ್ಬನಾಗಿ ಚಾಡಿ ಹೇಳಿದೆ, ಮತ್ತೊಬ್ಬನಾಗಿ ಹೊರಗೆ ಹೋಗಲು ಬೆರಳೆತ್ತಿದೆ. ಒಬ್ಬೊಬ್ಬನಿಗೂ ಅವಳ ಬಳಿ ಒಂದೊಂದು ಉತ್ತರ ಇತ್ತು. ಸಂಜೆಯ ಹೊತ್ತಿಗೆ ನನ್ನ ಗಂಟಲು ಪೂರ್ತಿ ಕೂತುಹೋಗಿ, ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಅವ್ವ ಬಿಸಿನೀರಿಗೆ ಮೆಣಸು ಕುಟ್ಟಿ ಹಾಕಿ ತಂದಿಟ್ಟಳು. ಕುಡಿದು ಮುಗಿಸುವವರೆಗೂ ಬಿಡುವು ಕೊಟ್ಟು, ಅಕ್ಕ ಹಾಜರಿ ಕರೆಯಲು ಶುರು ಮಾಡಿದಳು. ನಾನು ಹತ್ತು ಸಲ ಕೈ ಎತ್ತಿದೆ.