ಉಪ್ಪಿನಕಾಯಿ ಭರಣಿಯ ಮೇಲಿದ್ದ ಐದು ಕೆಜಿ ಬಟ್ಟು

ಎರಡು ವರ್ಷದ ಹಿಂದಿನ ಆಗಸ್ಟ್ ತಿಂಗಳು. ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳು ಸಿಂಚನ ಕಿರುಪರೀಕ್ಷೆಯ ಗಣಿತದಲ್ಲಿ ಇಪ್ಪತ್ತಕ್ಕೆ ಆರು ಅಂಕ ತಂದಳು. ಅದೇ ವಾರ ಕಾಫಿ ಒಣಗಿಸುವ ನಮ್ಮ ಕಣದ ಸಿಮೆಂಟೂ ಒಡೆಯಿತು. ಎರಡಕ್ಕೂ ಕಾರಣ ಒಂದೇ, ಅವಳ ಗುಂಡು ಎಸೆತ!

ನಾವು ಕೆ. ಹೊಸಕೋಟೆ ಕಡೆಯ ಸಣ್ಣ ಬೆಳೆಗಾರರು. ಎಲೆಕ್ಟ್ರಾನಿಕ್ ತಕ್ಕಡಿ ಬಂದಮೇಲೆ ಹಳೇ ಕಬ್ಬಿಣದ ತೂಕದ ಬಟ್ಟುಗಳು ಸ್ಟೋರಿನ ಮೂಲೆ ಸೇರಿದ್ದವು. ಶಾಲೆಯ ಗುಂಡನ್ನು ಮನೆಗೆ ಕೊಡುವುದಿಲ್ಲವಲ್ಲ, ಇವಳು ಅದೇ ತೂಕದ್ದು ಬೇಕೆಂದು ಐದು ಕೆಜಿ ಬಟ್ಟನ್ನು ಹೊತ್ತು ತಂದು ದಿನಾ ಸಂಜೆ ಕಣದಲ್ಲಿ ಧಡ್ ಧಡ್ ಎಂದು ಎಸೆಯುತ್ತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಓದೇ ಅಂದ್ರೆ ಕಬ್ಣ ಎತ್ತಾಕ್ತಾ ನಿಂತವ್ಳೆ! ಎಸ್ಸೆಸ್ಸೆಲ್ಸೀನೂ ಹಿಂಗೇ ಎಸ್ದು ಪಾಸಾಗ್ತೀಯೇನೇ?" ಎಂದು ಬಟ್ಟನ್ನು ಕಿತ್ತುಕೊಂಡು ಹೋಗಿ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರಿದೆ.

ನಮ್ಮ ಯಜಮಾನರದು ಮೆದು ಮನಸ್ಸು. "ಹೋಗ್ಲಿ ಬುಡೇ, ಆಲೂರಲ್ಲಿ ತಾಲ್ಲೂಕು ಕ್ರೀಡಾಕೂಟ ಐತೆ. ಅದೊಂದು ಆಗ್ಬುಡ್ಲಿ" ಎಂದರು.

"ಫಸ್ಟ್ ಬಂದ್ರೆ ಸರಿ. ಇಲ್ದಿದ್ರೆ ಬಟ್ಟು ಗುಜರಿಗೆ, ಇವ್ಳು ಟ್ಯೂಷನ್‌ಗೆ. ಆಮೇಲೆ ಗುಂಡಿನ ಸುದ್ದಿ ಎತ್ತಂಗಿಲ್ಲ" ಎಂದೆ. ಅವಳು ಅಳಲಿಲ್ಲ. "ಹೂಂ ಕಣಮ್ಮ" ಎಂದಳು, ಅಷ್ಟೇ.

ಆಮೇಲೆ ದಿನಾ ಬೆಳಗ್ಗೆ ಬಟ್ಟು ಭರಣಿಯ ಮೇಲೇ ಇರುತ್ತಿತ್ತು. ಆದರೆ ಅದರ ತಳಕ್ಕೆ ಹಸಿ ಮಣ್ಣು ಮೆತ್ತಿರುತ್ತಿತ್ತು. ನಾನು ಕಂಡೂ ಕಾಣದ ಹಾಗಿದ್ದುಬಿಟ್ಟೆ.

ಕ್ರೀಡಾಕೂಟದ ದಿನ ನಾನೂ ಯಜಮಾನರ ಜೊತೆ ಆಲೂರಿಗೆ ಹೋದೆ. ಮಗಳನ್ನು ಹುರಿದುಂಬಿಸಲಿಕ್ಕಲ್ಲ! ಸೋತರೆ ಹಾಗೇ ಟ್ಯೂಷನ್‌ಗೆ ಸೇರಿಸಿ ಬರೋಣವೆಂದು ಮೇಷ್ಟ್ರ ಮನೆ ದಾರಿ ಕೇಳಿಕೊಂಡೇ ಹೊರಟಿದ್ದೆ.

ಮೂರೇ ಅವಕಾಶ. ಮೊದಲನೆಯದರಲ್ಲಿ ಗುಂಡು ದೂರ ಹೋಯಿತು, ಅದರ ಹಿಂದೆಯೇ ಇವಳೂ ಮುಗ್ಗರಿಸಿ ಸುತ್ತುಗೆರೆ ದಾಟಿದಳು. ಫೌಲ್. ಎರಡನೆಯದೂ ಹಾಗೇ ಆಯಿತು. ಸಿಂಚನ ನಮ್ಮ ಹತ್ತಿರ ಬಂದಳು. "ಗುಂಡು ಹಗೂರ ಐತೆ ಕಣಮ್ಮ. ಎಸ್ದೇಟ್ಗೆ ನಾನೂ ಮುಂದಕ್ಕೆ ಹೋಗ್ಬುಡ್ತೀನಿ" ಎಂದಳು.

ಪಕ್ಕದಲ್ಲಿದ್ದ ಅವರ ಪಿ.ಟಿ. ಮೇಷ್ಟ್ರು ತಲೆ ಚಚ್ಚಿಕೊಂಡರು. "ನಂದೇ ತಪ್ಪು ಕಣಮ್ಮ. ನಮ್ಮ ಸ್ಕೂಲಲ್ಲಿರೋದು ಹುಡುಗ್ರ ಐದು ಕೆಜಿ ಗುಂಡು ಒಂದೇ. ಹುಡ್ಗೀರ್ದು ಮೂರು ಕೆಜಿ. ಇವ್ಳು ಅದನ್ನ ಮುಟ್ಟಿದ್ದೇ ಇವತ್ತು."

ಮೂರನೆಯ ಎಸೆತಕ್ಕೆ ಅವಳು ಗೆರೆಯೊಳಗೆ ಹೋಗಿ ನಿಂತಳು. ಐದು ಕೆಜಿ ಎಸೆಯುವ ಕೈ ಮೂರು ಕೆಜಿಗೆ ಸೋಲುವುದೇ? ಟ್ಯೂಷನ್ನೂ ಮರೆತುಹೋಯಿತು, ಸುತ್ತಲಿದ್ದ ಜನವೂ ಮರೆತುಹೋದರು. ಎದ್ದು ನಿಂತು ಕೂಗಿದೆ: "ಲೇ ಸಿಂಚನ, ಬೆಳಗ್ಗೆ ಹೊತ್ತು ಕಣದ ಅಂಚಲ್ಲಿ ನಿಂತು ಎಸೀತೀಯಲ್ಲ, ಅಲ್ಲೇ ನಿಂತಿದೀನಿ ಅನ್ಕೋ! ಕಾಲು ಜಾರುದ್ರೆ ಚರಂಡಿಗೆ ಬೀಳ್ತೀಯ ಕಣೇ!"

ಅವಳು ತಿರುಗಿ ನನ್ನನ್ನೇ ನೋಡಿದಳು. ದಿನಾ ಅಡಿಗೆಮನೆ ಕಿಟಕಿಯಿಂದ ನಾನು ನೋಡುತ್ತಿದ್ದೆನೆಂದು ಅವಳಿಗೆ ಗೊತ್ತಾಗಿದ್ದೇ ಆಗ. ನಕ್ಕಳು. ಕಾಲೂರಿ ಎಸೆದಳು. ಗುಂಡು ಬೇರೆ ಹುಡುಗಿಯರ ಗುರುತುಗಳನ್ನೆಲ್ಲ ದಾಟಿ, ಟೇಪು ಹಿಡಿದಿದ್ದ ಮೇಷ್ಟ್ರ ಹತ್ತಿರವೇ ಬಿತ್ತು. ಅವರು ಹಾರಿ ಹಿಂದಕ್ಕೆ ಸರಿದರು. ನನ್ನ ಮಗಳು ಗೆರೆಯೊಳಗೇ ನಿಂತಿದ್ದಳು!

ತಾಲ್ಲೂಕಿಗೇ ಫಸ್ಟ್. ನಾನು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರೆ ಯಜಮಾನರು ಮೆಲ್ಲಗೆ, "ಅದೇನೋ ಟ್ಯೂಷನ್ ಮೇಷ್ಟ್ರ ಮನೆ ಅಂತಿದ್ಯಲ್ಲ, ಯಾವ ಕಡೆ?" ಎಂದು ಕೇಳಿದರು.

ಟ್ಯೂಷನ್‌ಗೂ ಸೇರಿಸಿದೆ, ನಾನೇನು ಬಿಡುವವಳೇ! ಸಂಜೆ ಲೆಕ್ಕ, ಬೆಳಗ್ಗೆ ಗುಂಡು. ಜಿಲ್ಲೆಯಲ್ಲಿ ಮೂರನೆಯವಳಾದಳು, ಗಣಿತದಲ್ಲೂ ಮರ್ಯಾದೆಯಾಗಿ ಪಾಸಾದಳು. ಆದರೂ ಅವತ್ತು ಆಡಿದ "ಗುಜರಿಗೆ" ಅನ್ನುವ ಮಾತು ನೆನಪಾದರೆ ಈಗಲೂ ನನಗೇ ನಾಚಿಕೆಯಾಗುತ್ತದೆ.

ಈಗ ಭರಣಿಯ ಮೇಲೆ ಹೊಳೆಕಲ್ಲು ಇದೆ, ಬಟ್ಟು ಜಗಲಿಯಲ್ಲಿದೆ. ಮೊನ್ನೆ ಗುಜರಿಯವನು ಬಂದು, "ಇದನ್ನ ಕೊಡ್ತೀರೇನಕ್ಕ?" ಎಂದು ಕೈಯಲ್ಲೆತ್ತಿದ. "ಇಡಪ್ಪ ಕೆಳಗೆ! ಅದು ನನ್ನ ಮಗಳದು" ಎಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಕೂರಿಸಿ, ಕಾಫಿ ಕೊಟ್ಟು, ಪೂರ್ತಿ ಕಥೆ ಹೇಳಿಯೇ ಕಳಿಸಿದೆ.